ಆಕುಸಂಪಿಗೆಗೆ ಕಟ್ಟಿದ ಮುಡುಪು

ರಾಯದುರ್ಗದಲ್ಲಿ ನಾನೂ ನಿಮ್ಮ ತಾತನೂ ಬಾಡಿಗೆಗಿದ್ದ ಮನೆಗೆ ನೀವಿಬ್ಬರೂ ಬಂದದ್ದು ಕಂಕುಳ ಕೂಸುಗಳಾಗಿದ್ದಾಗ. ಆ ಮನೆಯ ಹಿತ್ತಲು ನಿಮಗೆ ನೆನಪಿರಲಾರದು. ಬಾಯಲ್ಲಿ ಹೇಳೋಣವೆಂದರೆ ಎದುರಿಗೆ ಯಾರಾದರೂ ಕೂತರೆ ನನಗೆ ಮಾತು ತೊದಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತಷ್ಟು ಕನ್ನಡ ಇದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಹಿತ್ತಲೆಂದರೆ ಒಂದು ಎತ್ತಿನಗಾಡಿ ನಿಲ್ಲಿಸುವಷ್ಟು ಜಾಗ. ಮೂರು ಕಡೆ ಕಲ್ಲುಗೋಡೆ, ಒಂದು ಕಡೆ ನಮ್ಮ ಬಚ್ಚಲು. ರಾಯದುರ್ಗದ ಬೆಟ್ಟ ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ಮನೆಗಳ ಮೇಲೆ ಬಿಡುತ್ತದೆ. ಆಷಾಢದಲ್ಲಿ ಕಣ್ಣು ಬಿಡಲಾಗದ ಧೂಳುಗಾಳಿ. ಅಂಥ ಊರಿನಲ್ಲಿ ಗಿಡ ಬೆಳೆಸುತ್ತೇನೆಂದು ಹೊರಟವರು ನಿಮ್ಮ ತಾತ. ಒಂದು ಶನಿವಾರ ನೇಮಕಲ್ಲು ಆಂಜನೇಯನ ಗುಡಿಗೆ ಹೋಗಿದ್ದಾಗ, ಸೈಕಲ್ಲಿನ ಮೇಲೆ ಗಿಡ ಮಾರುವವನ ಹತ್ತಿರ ಒಂದು ಸಸಿ ತಂದರು. ಅವನು ತೆಲುಗಿನಲ್ಲಿ ‘ಆಕುಸಂಪೆಂಗ’ ಎಂದನಂತೆ. ಇವರ ಕಿವಿಗೆ ಬಿದ್ದದ್ದು ಸಂಪಿಗೆ ಮಾತ್ರ. ಮೊದಲಿಗಿದ್ದ ಆಕು, ಅಂದರೆ ಎಲೆ ಎನ್ನುವುದನ್ನು ಇವರು ಬಿಟ್ಟುಬಿಟ್ಟರು.

ಹಳದಿ ಸಂಪಿಗೆ ಬಿಡುತ್ತದೆಂದು ಇಬ್ಬರೂ ಕಾದೆವು. ಗಿಡ ಮರವಾಗಲಿಲ್ಲ. ಪೊದೆಯಂತೆ ಹಬ್ಬಿ, ಗೋಡೆಗೆ ಒರಗಿತು. ಎಲೆ ದಪ್ಪ, ಕಡುಹಸಿರು, ಎಣ್ಣೆ ಸವರಿದ ಹಾಗೆ ಹೊಳಪು. ಓಣಿಯ ಬೇವಿನಮರ ಬೋಳಾದಾಗಲೂ ಇದು ಹಸಿರಾಗಿಯೇ ಇರುತ್ತಿತ್ತು. ಹೂವಿಲ್ಲ. ಬಿಸಿಗಾಳಿಗೆ ಎಲೆಯ ಅಂಚು ಸುಟ್ಟುಹೋಗುತ್ತದೆಂದು, ತಾವು ಕೆಲಸ ಮಾಡುತ್ತಿದ್ದ, ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನಿಂದ ಅವರು ಕತ್ತರಿಸಿ ಬಿಟ್ಟ ತುಂಡುಗಳನ್ನು ತರುತ್ತಿದ್ದರು. ನಾನು ಅವನ್ನು ಸೇರಿಸಿ ಹೊಲಿದೆ. ನೀಲಿ ಪರದೆಯೊಂದನ್ನು ಗೋಡೆಯ ಮೇಲಿಂದ ಕಟ್ಟಿದೆವು. ನಾವು ಸ್ನಾನ ಮಾಡಿದ ನೀರೇ ಅದಕ್ಕೆ ನೀರು.

ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ಅವರು ಹಿತ್ತಲಿನಿಂದ ಕೂಗಿದರು.

“ಏ, ಬಾ ಇಲ್ಲಿ. ಹೂ ಬಿಟ್ಟೈತಿ.”

“ಎಲ್ಲೈತೆ? ಬರೀ ಎಲೆ.”

“ಕಣ್ಣಿಲೆ ನೋಡಬ್ಯಾಡ ಮಾರಾಯ್ತಿ, ಮೂಗಿಲೆ ನೋಡು.”

ಹೂವೂ ಹಸಿರು. ಎಲೆಯ ಸಂದಿನಲ್ಲಿ ಎಲೆಯಂತೆಯೇ ಕೂತಿತ್ತು. ಅದರ ತೊಟ್ಟು ಕೊಕ್ಕೆಯ ಹಾಗೆ ಬಾಗಿ ಪಕ್ಕದ ಕೊಂಬೆಯನ್ನು ಹಿಡಿದುಕೊಂಡಿತ್ತು. ಹಸಿರಾಗಿದ್ದಷ್ಟು ದಿನ ಮೂಗು ತಾಗಿಸಿದರೆ ಮಾತ್ರ ಸಣ್ಣಗೆ ವಾಸನೆ. ಹಳದಿಗೆ ತಿರುಗಿದ ದಿನ ಬಚ್ಚಲಿನವರೆಗೂ ಘಮ ಬಂತು. ಮನೆಯೊಡತಿ ಬಂದು ನೋಡಿ, ಇದು ಮನೋರಂಜಿತ, ಮೂಸುವಾಗ ಯಾವ ಹಣ್ಣನ್ನು ನೆನೆದರೆ ಆ ಹಣ್ಣಿನ ವಾಸನೆ ಬರುತ್ತದೆ ಎಂದಳು. ನಿಮ್ಮ ತಾತ ಹೂವನ್ನು ನನ್ನ ಮೂಗಿನ ಹತ್ತಿರ ಹಿಡಿದರು.

“ಬಾಳೆಹಣ್ಣು” ಎಂದೆ.

“ಮನಸ್ಸಿನ್ಯಾಗ ನೆನಸಬೇಕು, ಬಾಯಿ ಬಿಟ್ಟು ಹೇಳಬಾರ್ದು. ಮಾವು, ಹಲಸು ಒಂದೂ ನೆನಪಾಗ್ಲಿಲ್ಲೇನು? ಬಾಳೆಹಣ್ಣಾ! ಏನು ಮಡಕಶಿರಾದವ್ರೋ ನೀವು!” ಎಂದು ನನ್ನ ತವರಿನವರನ್ನೇ ಹಂಗಿಸಿದರು.

ಆ ಮನೆಯೊಡತಿ ಮುಂದಿನ ಭಾಗದಲ್ಲಿ ಮಗ ಸೊಸೆಯೊಂದಿಗೆ ಇದ್ದಳು. ಹಿಂದಿನ ಎರಡು ಕೋಣೆ, ಬಚ್ಚಲು, ಹಿತ್ತಲು ನಮ್ಮವು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಆದರೆ ಸೊಸೆಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಆ ವಿಷಯಕ್ಕೆ ಬಂದರೆ ಅವಳ ನಾಲಿಗೆಗೆ ಹಿಡಿತವಿರಲಿಲ್ಲ. “ಪ್ಯಾಂಟಿಗೆ ಜಿಪ್ ಹಚ್ಚೋದೊಂದು ಬರ್ತೈತಿ ಇಕಿಗೆ, ಇನ್ನೇನೂ ಬರಂಗಿಲ್ಲ” ಎನ್ನುವುದು ಗೋಡೆಯಾಚೆಯಿಂದ ನಮಗೂ ಕೇಳುತ್ತಿತ್ತು. ಸೊಸೆ ಮರುಮಾತಾಡದೆ ಜೀನ್ಸ್ ಶೆಡ್ಡಿಗೆ ಹೊರಟುಹೋಗುತ್ತಿದ್ದಳು.

ನಿಮ್ಮ ತಾತ ಹೋದದ್ದು ಬೇಸಿಗೆಯಲ್ಲಿ. ಬಟ್ಟೆ ಕತ್ತರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸುದ್ದಿ ತಂದವರು ಬಾಗಿಲಲ್ಲಿ ನಿಂತಾಗ ನಾನು ಶೆಡ್ಡಿನಿಂದ ಮನೆಗೆ ಬಂದ ಪ್ಯಾಂಟುಗಳಲ್ಲಿ ಹೊರಗೆ ಉಳಿದ ದಾರ ಕತ್ತರಿಸುತ್ತಿದ್ದೆ. ಕೈಯಲ್ಲಿದ್ದ ಪ್ಯಾಂಟಿನ ದಾರವನ್ನು ಪೂರ್ತಿ ಕತ್ತರಿಸಿ, ಮಡಿಸಿಟ್ಟು, ಆಮೇಲೆ ಎದ್ದೆ. ಅಳು ಬರಲಿಲ್ಲ. ಬಂದ ಹೆಂಗಸರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ದವಡೆ ನಮ್ಮದೋ ಯಾರದೋ ಎನ್ನುವಂತಾಗುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಅಡುಗೆ ಮಾಡುತ್ತಿದ್ದೆ, ಉಣ್ಣುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆ ಎಂದು ಜತೆಗಿರಲು ಬಂದಿದ್ದ ನನ್ನ ಮಗಳು, ನಿಮ್ಮಮ್ಮ, ಹೇಳಿದಾಗಲೇ ನನಗೆ ಗೊತ್ತಾದದ್ದು.

ಅದೇ ತಿಂಗಳು ಗಿಡ ಹೂ ಬಿಟ್ಟಿತು. ಮನೆಯೊಡತಿ ಮೂಗರಳಿಸಿಕೊಂಡು, “ಗಂ ಅಂತೈತಿ, ನಿನಗ ಬರವಲ್ದೇನು?” ಎಂದಳು. ಒಂದನ್ನು ಕಿತ್ತು ಮೂಸಿದೆ. ಯಾವ ಹಣ್ಣನ್ನೂ ನೆನೆಯಲಿಲ್ಲ. ಯಾವ ವಾಸನೆಯೂ ಬರಲಿಲ್ಲ. ಹೂವನ್ನು ಗೋಡೆಯ ಮೇಲಿಟ್ಟು ಒಳಗೆ ಬಂದೆ.

ನಿಮ್ಮಮ್ಮ ತನ್ನ ಮನೆಗೆ ಬಂದುಬಿಡು ಎಂದಳು. ಅವಳ ಊರು ಇರುವುದು ಮಡಕಶಿರಾ ಹತ್ತಿರ ಅಗಳಿ ಕಡೆ, ನನ್ನ ತವರಿನ ದಿಕ್ಕಿಗೇ. ಹ್ಞೂಂ ಎಂದೆ. ಮನೆಯೊಡತಿಗೂ ಹೇಳಿದೆ.

“ನಿನಗೇನೂ ಅವಸರ ಇಲ್ಲ ತಂಗಿ, ಸಂಕ್ರಾಂತಿ ಮುಗಿಸ್ಕೊಂಡೇ ಹೋಗು. ಆಮ್ಯಾಲೆ ನನ್ನ ಮಗ ಇಲ್ಲಿ ಹೊಲಿಗಿ ಮಿಷನ್ ಹಾಕ್ಕೊಂತಾನ. ಹಿತ್ತಲಕ್ಕೂ ಶೀಟು ಹೊದಿಸ್ತಾನಂತ.”

“ಗಿಡ?”

“ಅದನ್ನೇನ್ ಮಾಡ್ತೀ? ಆ ವಾಸನಿಗೆ ಹಾವು ಬರ್ತಾವಂತ. ಕಡಿಸಿ ಒಲಿಗೆ ಹಾಕಿದ್ರಾತು.”

“ಹ್ಞೂಂ ಅಕ್ಕ” ಎಂದೆ.

ಬೇಡವೆನ್ನುವುದು ನನಗೆ ಆಗ ಬರುತ್ತಿರಲಿಲ್ಲ. ಒಳಗೆ ಬಂದು ಅವರ ಸಾಮಾನುಗಳನ್ನು ನೋಡಿದೆ. ಚಪ್ಪಲಿ, ಕನ್ನಡಕ, ಕತ್ತರಿ. ಎಲ್ಲವೂ ಇಟ್ಟಲ್ಲಿ ಇದ್ದವು. ಅವರ ಕೈ ಮುಟ್ಟಿದ್ದರಲ್ಲಿ ಇನ್ನೂ ಬೆಳೆಯುತ್ತಿದ್ದುದು ಹಿತ್ತಲಿನ ಗಿಡವೊಂದೇ. ಅದನ್ನು ಬುಡಸಮೇತ ಕಿತ್ತುಕೊಂಡು ಹೋಗುವಂತಿರಲಿಲ್ಲ. ಬೇರು ಬಚ್ಚಲಿನ ಚಪ್ಪಡಿಗಳ ಕೆಳಗೆ ಹೋಗಿ ಗೋಡೆಯ ಪಾಯವನ್ನು ಹೊಕ್ಕಿತ್ತು. ಉಳಿದ ದಾರಿ ಒಂದೇ. ನಾನು ಹೊರಡುವುದರೊಳಗೆ ಅದರ ಒಂದು ಕೊಂಬೆ ಗಿಡದ ಮೇಲೆಯೇ ಬೇರು ಬಿಡಬೇಕು.

ಅದನ್ನು ಗೂಟಿ ಕಟ್ಟುವುದು ಎನ್ನುತ್ತಾರೆ. ನನ್ನ ಅಪ್ಪ ಅಗಳಿ ಹತ್ತಿರದ ಒಂದು ದಾಳಿಂಬೆ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು. ರಜೆಯಲ್ಲಿ ನಾನೂ ಹೋಗಿ ಮಣ್ಣು ಕಲಸಿ ಕೊಡುತ್ತಿದ್ದೆ. ಶ್ರಾವಣದ ತುಂತುರು ಶುರುವಾದ ಒಂದು ಶುಕ್ರವಾರ ಎರಡು ಕೊಂಬೆ ಆರಿಸಿದೆ. ಒಂದು ಮೇಲೆ ಗೋಡೆಯ ಪಕ್ಕದ್ದು, ಇನ್ನೊಂದು ಕೆಳಗಿನದು. ಬೆರಳಗಲ ತೊಗಟೆಯನ್ನು ಬಳೆಯಂತೆ ಸುತ್ತಲೂ ತೆಗೆದೆ. ಕೆಮ್ಮಣ್ಣು, ಕೊಳೆತ ಸಗಣಿ ಗೊಬ್ಬರ, ತೆಂಗಿನ ನಾರು ಕಲಸಿ, ಉಂಡೆ ಮಾಡಿ, ಆ ಗಾಯದ ಸುತ್ತ ಮೆತ್ತಿದೆ. ತೋಟದಲ್ಲಾದರೆ ಮೇಲೆ ಪ್ಲಾಸ್ಟಿಕ್ ಸುತ್ತುತ್ತಿದ್ದರು. ನನ್ನ ಕೈಗೆ ಸಿಕ್ಕಿದ್ದು ನಿಮ್ಮ ತಾತನ ಹಳೆಯ ಪಂಚೆ. ಹುಳ ಹತ್ತದಿರಲಿ ಎಂದು ಅದನ್ನು ಅರಿಶಿನದ ನೀರಿನಲ್ಲಿ ಅದ್ದಿ, ಹರಿದು, ಎರಡೂ ಉಂಡೆಗಳಿಗೆ ಬಿಗಿಯಾಗಿ ಗಂಟು ಹಾಕಿದೆ.

ನನ್ನ ತಲೆಯಲ್ಲಿ ಇದ್ದದ್ದು ಗೂಟಿ. ಬೇರೆಯವರ ಕಣ್ಣಿಗೆ ಅದು ಹೇಗೆ ಕಂಡೀತು ಎನ್ನುವುದು ಹೊಳೆಯಲೇ ಇಲ್ಲ. ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗಿಡಕ್ಕೆ ತೂಗಿಬಿಟ್ಟ ಗಂಟು ಎಂದರೆ ನಮ್ಮ ಸೀಮೆಯಲ್ಲಿ ಒಂದೇ, ದೇವರಿಗೆ ಹರಕೆ ಹೊತ್ತು ಕಟ್ಟುವ ಮುಡುಪು.

ಮರುದಿನ ಬೆಳಿಗ್ಗೆ ಮನೆಯೊಡತಿ ಬಂದವಳು ಗಿಡದ ಮುಂದೆ ನಿಂತೇಬಿಟ್ಟಳು.

“ಯಾವಾಗ ಕಟ್ಟಿದಿ ತಂಗಿ?”

“ನಿನ್ನೆ ಅಕ್ಕ.”

“ಶುಕ್ರವಾರ.” ದನಿ ತಗ್ಗಿಸಿದಳು. “ಏನಂತ ಕಟ್ಟಿದಿ?”

“ಬೇರು ಬಿಡ್ಲಿ ಅಂತ.”

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿನ್ನ ಮನಿ ಇಂಥಾ ಸ್ಥಿತಿಯಾಗ ಐತಿ. ಅದ್ರಾಗ ನಮ್ಮ ಮನಿ ಬೇರು ನೆನಸಿದ್ಯಲ್ಲವ್ವ. ನಾನು ಗಿಡ ಕಡಿಸ್ತೀನಿ ಅಂದ್ರೂ ನೀನು...” ಎಂದು ಮುಗಿಸದೆ ಹೊರಟುಹೋದಳು.

ಏನಾಯಿತೆಂದು ನನಗೆ ಆಗ ಅರ್ಥವಾಗಲಿಲ್ಲ. ಸಂಜೆ ಸೊಸೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲಿ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಗಿಡಕ್ಕೆ ಸುತ್ತು ಬರಲು ಗೋಡೆ ಅಡ್ಡ. ಹಾಗಾಗಿ ನಿಂತಲ್ಲೇ ತನ್ನ ಸುತ್ತ ತಾನೇ ತಿರುಗಿ ಕೈಮುಗಿದಳು. ತನ್ನ ಕೈಯ ಒಂದು ಹಸಿರು ಬಳೆ ಬಿಚ್ಚಿ ಮೇಲಿನ ಗಂಟಿಗೆ ಕಟ್ಟಿದಳು. ಆಗ ತಿಳಿಯಿತು. ವಂಶದ ಬೇರು ಎಂದು ಕೇಳಿಸಿಕೊಂಡಿದ್ದಾರೆ. ನಾನು ಬಾಯಿ ತೆರೆದೆ. ಅವಳು ತಿರುಗಿ ನೋಡಿ ನಕ್ಕಳು. ನಾನು ಬಾಯಿ ಮುಚ್ಚಿಕೊಂಡೆ.

ಅಂದಿನಿಂದ ಗೋಡೆಯಾಚೆಯ ಮೂದಲಿಕೆ ನಿಂತುಹೋಯಿತು. ಜಿಪ್ಪಿನ ಮಾತಿಲ್ಲ. “ಉಂಡೇನವ್ವ?” ಎಂದು ಅತ್ತೆ ಸೊಸೆಯನ್ನು ಕೇಳುವುದು ಕೇಳಿಸಿತು. ಹೇಳಿಬಿಡಬೇಕೆಂದು ಅವರ ಬಾಗಿಲವರೆಗೆ ಹೋಗಿದ್ದುಂಟು. ಹೋಗಿ, ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದೆ. ಗೂಟಿ ಒಣಗಬಾರದು, ಹಾಗಾಗಿ ನಾನು ದಿನಾ ಅದರ ಮೇಲೆ ಚೆಂಬಿನಿಂದ ನೀರು ಚಿಮುಕಿಸುತ್ತಿದ್ದೆ. ಅದೂ ಪೂಜೆಯೆಂದೇ ಆಯಿತು. ನನ್ನ ಕೈಯಿಂದ ಚೆಂಬು ತೆಗೆದುಕೊಂಡು ಸೊಸೆಯೇ ಶುರುಮಾಡಿದಳು. ಶೆಡ್ಡಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ. ಮೇಲಿನದಕ್ಕೆ ಹೆಚ್ಚು, ಕೆಳಗಿನದಕ್ಕೆ ಉಳಿದದ್ದು. ನಾನು ಬಾಗಿಲಲ್ಲಿ ಕೂತು ದಾರ ಕತ್ತರಿಸುತ್ತ ನೋಡುತ್ತಿದ್ದೆ. ಸಂತೋಷವೂ ಇಲ್ಲ, ಕಸಿವಿಸಿಯೂ ಇಲ್ಲ. ಬೇರು ಬಂತೇ ಎಂದು ಮಾತ್ರ ದಿನವೂ ನೋಡುತ್ತಿದ್ದೆ. ನೋಡದ ದಿನವಿಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳೇ ಕೂಗಿದಳು.

“ಅಕ್ಕಾರ, ಬರ್ರಿ ಇಲ್ಲಿ! ಮುಡುಪಿನ್ಯಾಗಿಂದ ಬಿಳೀ ಎಳಿ ಬಂದೈತ್ರಿ!”

ಮೇಲಿನ ಗಂಟಿನ ಬಟ್ಟೆಯನ್ನು ಸೀಳಿಕೊಂಡು ಒಂದು ಬೇರು ಹೊರಗೆ ಬಂದಿತ್ತು. ಪಕ್ಕದಲ್ಲಿ ಇನ್ನೊಂದು. ಕೆಳಗಿನದನ್ನು ಒತ್ತಿ ನೋಡಿದೆ. ಏನೂ ಇಲ್ಲ. ಮನೆಯೊಡತಿ ಓಡಿಬಂದು ಕಣ್ಣಿಗೊತ್ತಿಕೊಂಡಳು, ಸೊಸೆಯ ಕೈಯಿಂದ ತೆಂಗಿನಕಾಯಿ ಒಡೆಸಿದಳು. ನನಗೂ ಒಂದು ಹೋಳು ಕೊಟ್ಟರು. ತಿಂದೆ.

ಸಂಕ್ರಾಂತಿ ಕಳೆಯಿತು. ನನ್ನನ್ನು ಕರೆದೊಯ್ಯಲು ನಿಮ್ಮಪ್ಪ ಬಂದ. ಪಾತ್ರೆಗಳನ್ನು ಮೂಟೆ ಕಟ್ಟಿದೆವು. ಕೊನೆಗೆ ನಾನು ಕುಡುಗೋಲು ಹಿಡಿದು ಹಿತ್ತಲಿಗೆ ಹೋದೆ. ಮೇಲಿನ ಕೊಂಬೆಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಮನೆಯೊಡತಿಯ ಕೂಗು.

“ಏ ತಂಗಿ! ಬಿಚ್ಚಬ್ಯಾಡ! ಫಲ ಸಿಗೋ ಮುಂಚೆ ಮುಡುಪು ಬಿಚ್ತಾರೇನು? ನಮ್ಮ ಮನಿ ಉದ್ಧಾರ ಆಗ್ಬೇಕೋ ಬ್ಯಾಡೋ?”

ಸೊಸೆಯೂ ಬಂದು ನಿಂತಳು. ನಿಮ್ಮಪ್ಪ ಬಚ್ಚಲ ಬಾಗಿಲಲ್ಲಿ. ಮೂವರೂ ನನ್ನನ್ನೇ ನೋಡುತ್ತಿದ್ದರು. ಆಗಲೂ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಮ್ಮನಿದ್ದರೆ ಬರಿಗೈಯಲ್ಲಿ ಬಸ್ಸು ಹತ್ತಬೇಕು.

“ಅಕ್ಕ, ಇದು ಮುಡುಪಲ್ಲ. ಗೂಟಿ. ಒಳಗೆ ಕೆಮ್ಮಣ್ಣು, ಸಗಣಿ ಗೊಬ್ಬರ, ತೆಂಗಿನ ನಾರು ಐತೆ. ಕೊಂಬೆ ಬೇರು ಬಿಟ್ರೆ ಕೊಯ್ಕೊಂಡೋಗಿ ನೆಡಾನ ಅಂತ ಕಟ್ಟಿದ್ದು.”

“ಮತ್ತ ಅವತ್ತು ಬೇರು ಬಿಡ್ಲಿ ಅಂದಿ?”

“ಕೊಂಬೆಗೇ ಅಂದಿದ್ದು ಅಕ್ಕ.”

ನಿಮ್ಮಪ್ಪ ಚಪ್ಪಡಿ ನೋಡತೊಡಗಿದ. ಮೊದಲು ನಕ್ಕದ್ದು ಸೊಸೆ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಿಲ್ಲ.

“ಅತ್ತಿ, ಸಗಣಿ ಉಂಡಿಗೆ ಕಾಯಿ ಒಡಿಸಿದ್ರಲ್ರಿ ನನ್ನ ಕೈಲಿ!”

“ನಗು, ನಗು. ದಿನಾ ನೀರು ಹಾಕಿದಾಕಿ ನೀನೇ.” ಮನೆಯೊಡತಿ ನನ್ನ ಕಡೆ ತಿರುಗಿದಳು. “ಅಲ್ಲ, ಅವತ್ತೇ ಹೇಳಾಕ ಏನಾಗಿತ್ತು ನಿನಗ?”

“ಹೇಳಾಕೆ ಬರ್ಲಿಲ್ಲ ಅಕ್ಕ.”

“ಬಾಯಿ ತುಂಬ ಹಲ್ಲು ಅದಾವ, ಮಾತೊಂದಿಲ್ಲ. ಎಂಥಾ ಹೆಣಮಗಳವ್ವ ನೀನು!” ಎಂದು ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತಳು. ಅವಳಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಗೊತ್ತಾಗಲಿಲ್ಲ.

ಸೊಸೆಯ ನಗು ನಿಂತಿತ್ತು. ಅವಳು ಮೇಲಿನ ಕೊಂಬೆಯನ್ನು, ತನ್ನ ಬಳೆ ತೂಗುತ್ತಿದ್ದ ಕಡೆ, ಹಿಡಿದುಕೊಂಡಿದ್ದಳು.

“ಮ್ಯಾಲಿಂದೊಂದು ಬಿಡ್ರಿ ಅಕ್ಕಾರ. ಒಳಗ ಮಣ್ಣಿದ್ರ ಇರ್ಲಿ. ನಾನು ಬೇಡಿಕೊಂಡಿದ್ದು ಖರೇನ ಐತಲ್ರಿ.”

ಬೇರು ಕಾಣುತ್ತಿದ್ದುದು ಮೇಲಿನದರಲ್ಲಿ. ಕೆಳಗಿನದು ಬರೀ ಗಂಟು. ನಾನು ಎರಡನ್ನೂ ನೋಡಿದೆ. ಬಿಚ್ಚಿ ನೋಡೋಣವೆಂದರೆ ಬೇರಿದ್ದರೂ ಹರಿದುಹೋಗುತ್ತದೆ. ಅವಳು ಕೊಂಬೆಯನ್ನು ಬಿಡಲಿಲ್ಲ. ಬಗ್ಗಿ ಕೆಳಗಿನದನ್ನೇ ಗಂಟಿನ ಬುಡಕ್ಕೆ ಕೊಯ್ದುಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ನಿಮ್ಮಪ್ಪ ದಾರಿಯಲ್ಲಿ ಕೇಳಿದ. ಗಂಟು ಒಣಗೀತು, ನೀರಿನ ಬಾಟಲಿ ಕೊಡು ಎಂದೆ.

ಹೊರಡುವಾಗ ಮನೆಯೊಡತಿ ಬಾಗಿಲವರೆಗೆ ಬಂದು, “ಹಿತ್ತಲಕ್ಕ ಶೀಟು ಹಾಕಂಗಿಲ್ಲ ಬಿಡು, ಒಳಗಿನ ಕ್ವಾಣಿ ಸಾಕು ಮಿಷನ್ನಿಗೆ” ಎಂದಳು.

ಬಸ್ಸಿನಲ್ಲಿ ಗಂಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಅರಿಶಿನದ ಬಟ್ಟೆ ಕಂಡು ಕಂಡಕ್ಟರ್ ತೆಲುಗಿನಲ್ಲಿ, “ಏ ದೇವುಡಿಕಮ್ಮಾ?” ಎಂದ, ಯಾವ ದೇವರಿಗೆ ಎಂದು. “ಗೂಟಿ ಕಣಪ್ಪ, ಗಿಡ” ಎಂದು ಕನ್ನಡದಲ್ಲೇ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಮಡಕಶಿರಾದಿಂದ ಆಟೋ ಹಿಡಿದು ಊರು ಮುಟ್ಟುವಾಗ ಎಲೆಗಳು ಜೋತುಬಿದ್ದಿದ್ದವು.

ಇಲ್ಲಿ ಇನ್ನೊಂದು ತೊಡಕು. ರೇಷ್ಮೆ ಸಾಕುವ ಹುಳದ ಮನೆಯ ನೆರಳಿಗೆ ನೆಡೋಣವೆಂದರೆ ನಿಮ್ಮಪ್ಪ ಮೆತ್ತಗೆ ಹೇಳಿದ, “ಅತ್ತೆ, ರೇಷ್ಮೆಹುಳಕ್ಕೆ ಘಾಟು ವಾಸ್ನೆ ಆಗಲ್ಲ. ನಾವು ಒಗ್ಗರಣೆ ಹಾಕಾಕೂ ಬಾಗ್ಲು ಮುಚ್ಕಂತೀವಿ. ಇದು ಗಮಾಡಿಸಿದ್ರೆ ಹುಳ ಸೊಪ್ಪು ಬಿಟ್ಟಾವು.” ಹಿತ್ತಲೆಲ್ಲ ತಿರುಗಿದೆ. ಬಚ್ಚಲ ಹಿಂದೆ, ಹಳೆ ಕೊಟ್ಟಿಗೆಯ ಗೋಡೆಗೂ ಹುಲ್ಲಿನ ಬಣವೆಗೂ ನಡುವೆ ಒಂದು ಸಂದು ಸಿಕ್ಕಿತು. ಪಡುವಲ ಗಾಳಿ ಅಲ್ಲಿಗೆ ತಲುಪುವುದಿಲ್ಲ, ಹುಳದ ಮನೆಯೂ ದೂರ. “ಇಲ್ಲಿ ನೆಡ್ತೀನಿ” ಎಂದೆ. ಕೇಳಲಿಲ್ಲ, ಹೇಳಿದೆ. ಅವನು ಹಾರೆ ತಂದುಕೊಟ್ಟ.

ಬಟ್ಟೆ ಬಿಚ್ಚಿದೆ. ಮಣ್ಣನ್ನು ಬೆರಳಿನಿಂದ ಸ್ವಲ್ಪವೇ ಬಿಡಿಸಿದಾಗ ಒಂದು ಬೇರು ಕಂಡಿತು. ಮೊಳೆತ ಹುರುಳಿಯ ಬಾಲದಷ್ಟು, ಬಾಗಿಕೊಂಡಿತ್ತು. ಒಂದೇ.

ನಿಮ್ಮಮ್ಮ ಬಗ್ಗಿ ನೋಡಿದಳು. “ಅಮ್ಮ, ಇದು ಬದುಕಲ್ಲ ಕಣಮ್ಮ. ಮಡಕಶಿರಾ ನರ್ಸರಿಲಿ ಬೇರೆ ಗಿಡ ತಂದಿಕ್ಕಾನ.”

“ಬ್ಯಾಡ” ಎಂದೆ. ನೆಟ್ಟೆ.

ವಾರದೊಳಗೆ ಎಲ್ಲ ಎಲೆ ಉದುರಿದವು. ಎಂದೂ ಬೋಳಾಗದ ಗಿಡ ಬರೀ ಕಡ್ಡಿಯಾಯಿತು. ನಿಮ್ಮಲ್ಲಿ ದೊಡ್ಡವಳು “ಸತ್ತೋಯ್ತಾ ಅಜ್ಜಿ?” ಎಂದು ಕೇಳಿದ್ದಳು. “ಗೊತ್ತಿಲ್ಲ” ಎಂದಿದ್ದೆ. ಬೆಳಿಗ್ಗೆ ಪಾತ್ರೆ ತೊಳೆದ ಮೇಲೆ ಒಂದು ಚೆಂಬು ನೀರು ಹಾಕುತ್ತಿದ್ದೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದು, ರಾಗಿ ಕೇರುವುದು, ಉಂಡು ಮಲಗುವುದು. ದಿನಗಳು ಒಂದರ ಹಾಗೆ ಒಂದು ಇದ್ದವು. ಕಡ್ಡಿಯೂ ಹಾಗೆಯೇ ಇತ್ತು. ಕಿತ್ತು ನೋಡಬೇಕೆನಿಸಿದಾಗ ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ.

ಬಿಸಿಲು ಬಲಿತ ಮೇಲೆ ಒಂದು ಬೆಳಿಗ್ಗೆ ನೀರು ಹಾಕಲು ಬಗ್ಗಿದಾಗ ಕಡ್ಡಿಯ ಗಿಣ್ಣಿನಲ್ಲಿ ಏನೋ ಕಂಡಿತು. ಇರುವೆ ಎಂದುಕೊಂಡು ಊದಿದೆ. ಹೋಗಲಿಲ್ಲ. ಉಗುರಿನಿಂದ ಮುಟ್ಟಲು ಹೋಗಿ ಬಿಟ್ಟೆ. ಎರಡು ಚಿಗುರು, ತಾಮ್ರದ ಬಣ್ಣದ್ದು, ಇನ್ನೂ ಮಡಿಚಿಕೊಂಡಿದ್ದವು.

ಹುಳದ ಮನೆಗೆ ಹೋದೆ. ನಿಮ್ಮಮ್ಮ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಹುಳುಗಳು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು.

“ಗಿಡ ಹಿಡೀತು” ಎಂದೆ.

“ಯಾವ್ ಗಿಡ ಅಮ್ಮ?” ಎಂದು ಅವಳು ತಲೆಯೆತ್ತದೆ ಕೇಳಿದಳು.

“ನಿಮ್ಮಪ್ಪಂದು.”

ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ನನ್ನ ಮುಖ ನೋಡಿ ಗಾಬರಿಯಾಗಿ ಎದ್ದು ಬಂದಳು. ನನಗೇ ಗೊತ್ತಿಲ್ಲದೆ ನನ್ನ ಕೆನ್ನೆ ಒದ್ದೆಯಾಗಿತ್ತು. ಏನೂ ಇಲ್ಲ, ಸೊಪ್ಪು ಬಾಡುತ್ತದೆ, ಹಾಕು ಎಂದೆ. ಇಬ್ಬರೂ ಉಳಿದ ತಟ್ಟೆಗಳಿಗೆ ಹಾಕಿ ಮುಗಿಸಿದೆವು.